ಗಟಾರಕ್ಕೊಂದು ನಿಯಮ ಇತ್ತು, ಅವನಿಗೆ ಇರಲಿಲ್ಲ: ಎಲ್ಲರೂ ಆಡುವ ಬೇಸ್‌ಬಾಲ್ ಹೇಗಿರುತ್ತದೆ?

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಓಣಿ ಎರಡು ಆಟೋ ಹಾಯುವಷ್ಟು ಅಗಲ. ಚಿಕ್ಕಂದಿನಲ್ಲಿ ನಮ್ಮ ಕ್ರಿಕೆಟ್ ಅಲ್ಲೇ. ಚೆಂಡು ಗಟಾರಕ್ಕೆ ಬಿದ್ದರೆ ಎರಡೇ ರನ್. ವಕೀಲ ಕಾಕಾನ ಕಂಪೌಂಡ್ ದಾಟಿದರೆ ಅದು ಸಿಕ್ಸ್ ಅಲ್ಲ, ಔಟ್. ಹೊಡೆದವನೇ ಹೋಗಿ ಬೈಸಿಕೊಂಡು ಚೆಂಡು ತರಬೇಕು. ಒಂದು ಟಪ್ಪಾ ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ಒಬ್ಬ ಹುಡುಗ ಜಾಸ್ತಿ ಬಂದರೆ ಅವನು ಎರಡೂ ಕಡೆ ಬ್ಯಾಟ್ ಹಿಡಿಯುತ್ತಿದ್ದ.

ನಮ್ಮ ಜೊತೆ ಒಬ್ಬ ಗೆಳೆಯನಿದ್ದ. ಪೋಲಿಯೊ ಬಂದು ಎಡಗಾಲು ಸೊರಗಿತ್ತು, ಬಗಲಲ್ಲಿ ಕೋಲು. ಅವನನ್ನು ನಾವು ಯಾವಾಗಲೂ ಅಂಪೈರ್ ಮಾಡುತ್ತಿದ್ದೆವು. ಅದು ಅವನಿಗೆ ಕೊಟ್ಟ ದೊಡ್ಡ ಮರ್ಯಾದೆ ಅಂತಲೇ ನಮ್ಮ ತಿಳುವಳಿಕೆ. ಗಟಾರಕ್ಕೊಂದು ನಿಯಮ ಮಾಡಿದ್ದೆವು, ಕಾಕಾನ ಸಿಟ್ಟಿಗೂ ಒಂದು ಮಾಡಿದ್ದೆವು. ಅವನ ಕಾಲಿಗೂ ಒಂದು ನಿಯಮ ಮಾಡೋಣ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಅಂಗವಿಕಲರಿಗಾಗಿ ಬೇಸ್‌ಬಾಲ್ ಆಟವನ್ನು ಹೇಗೆ ಬದಲಿಸಿದ್ದಾರೆ ಅಂತ ಓದುತ್ತಿದ್ದೆ. ಓದುತ್ತಾ ಹೋದಂತೆ ನಮ್ಮ ಓಣಿಯೇ ಕಣ್ಣಮುಂದೆ ಬಂತು. ಅವರು ಮಾಡಿದ್ದು ಓಣಿಯ ಹುಡುಗರು ಮಾಡುವ ಕೆಲಸವನ್ನೇ. ಯಾವ ನಿಯಮ ತೆಗೆದರೆ ಆಟ ಸತ್ತೇ ಹೋಗುತ್ತದೆ, ಯಾವುದು ಸುಮ್ನೆ ರೂಢಿಯಿಂದ ಉಳಿದುಕೊಂಡಿದೆ ಅಂತ ನೋಡಿದ್ದಾರೆ. ರೂಢಿಯದನ್ನು ಬದಲಿಸಿದ್ದಾರೆ.

ಮೊದಲು ಬೇಸ್‌ಬಾಲ್ ಅಂದರೆ ಏನು ಅಂತ ಚೂರು ಹೇಳಿಬಿಡುತ್ತೇನೆ. ನಮಗೆ ಅದು ಟಿವಿಯಲ್ಲೂ ಅಪರೂಪ. ನೆಲದ ಮೇಲೆ ಒಂದು ಚೌಕ, ನಾಲ್ಕು ಮೂಲೆ. ಒಂದು ಮೂಲೆ ಹೋಮ್, ಉಳಿದವು ಮೂರು ಬೇಸ್. ದೊಡ್ಡವರ ಮೈದಾನದಲ್ಲಿ ಮೂಲೆಯಿಂದ ಮೂಲೆಗೆ 90 ಅಡಿ. ಚೆಂಡು ಎಸೆಯುವವನು ಪಿಚರ್. ಹೋಮ್‌ನಲ್ಲಿ ನಿಂತವನು ಚೆಂಡು ಹೊಡೆದು, ಮೂರೂ ಬೇಸ್ ಮುಟ್ಟಿ, ಸುತ್ತು ಹಾಕಿ ಮತ್ತೆ ಹೋಮ್‌ಗೆ ಬಂದರೆ ಒಂದು ರನ್. ನಡುವೆ ಬೇಸ್ ಮೇಲೆ ನಿಂತು ಸುಧಾರಿಸಿಕೊಳ್ಳಬಹುದು, ಅಲ್ಲಿ ಅವನು ಸೇಫ್. ಮೂರು ಜನ ಔಟಾದರೆ ಸರದಿ ಎದುರಿನವರಿಗೆ. ಕ್ರಿಕೆಟ್‌ನಲ್ಲಿ ಒಬ್ಬನೇ ದಿನವಿಡೀ ಕ್ರೀಸ್ ಹಿಡಿದು ಕೂರಬಹುದು. ಇಲ್ಲಿ ಹೊಡೆದವನು ಹೊರಡಲೇಬೇಕು, ಮುಂದಿನವನು ಬರುತ್ತಾನೆ. ನಮ್ಮ ಲಗೋರಿಯ ಹಾಗೆ ಎಲ್ಲರಿಗೂ ಪಾಳಿ ಬರುತ್ತದೆ. ಈ ಆಟವನ್ನು ಬಿಡಿಸಿ ಬೇರೆ ಥರ ಜೋಡಿಸುವುದು ಸುಲಭವಾದದ್ದು ಅದರಿಂದಲೇ ಇರಬೇಕು.

ಹಳೇ ದಾರಿ ಬೇರೆ ಇತ್ತು. ಆಟ ಇದ್ದ ಹಾಗೇ ಇರುತ್ತದೆ, ಬೇಕಾದರೆ ನೀನೇ ಹೊಂದಿಕೋ. ಆ ದಾರಿಯಲ್ಲಿ ಗೆದ್ದವರೂ ಇದ್ದಾರೆ. ಜಿಮ್ ಅಬ್ಬಟ್ ಹುಟ್ಟುವಾಗಲೇ ಬಲ ಹಸ್ತ ಇರಲಿಲ್ಲ. ಆದರೂ ಅಮೆರಿಕದ ಮೇಜರ್ ಲೀಗ್‌ನಲ್ಲಿ ಪಿಚರ್ ಆದರು. ಎಡಗೈಯಲ್ಲಿ ಚೆಂಡು ಎಸೆಯುವಾಗ ಗ್ಲೋವ್ ಬಲ ಮೊಣಕೈಯಿಂದ ಕೆಳಗೆ, ತೋಳಿನ ತುದಿಗೆ ಆನಿಸಿಕೊಂಡಿರುತ್ತಿತ್ತು. ಚೆಂಡು ಕೈಬಿಟ್ಟ ಮರುಕ್ಷಣ ಎಡಗೈ ಗ್ಲೋವ್ ಒಳಗೆ. ಚೆಂಡು ವಾಪಸ್ ಬಂದರೆ ಅದೇ ಕೈಯಲ್ಲಿ ಹಿಡಿದು, ಗ್ಲೋವನ್ನು ಬಗಲಿಗೆ ಸಿಕ್ಕಿಸಿ, ಚೆಂಡು ತೆಗೆದು ಎಸೆಯುತ್ತಿದ್ದರು. 1993ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್ ಯಾಂಕೀಸ್ ಪರ ಆಡುತ್ತಾ ಇಡೀ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಒಂದೇ ಒಂದು ಹಿಟ್ ಕೊಡಲಿಲ್ಲ. ಹಿಟ್ ಅಂದರೆ ಚೆಂಡು ಹೊಡೆದು ಸೇಫಾಗಿ ಬೇಸ್ ಸೇರುವುದು.

ಕೇಳಿದರೆ ಮೈ ಜುಂ ಅನ್ನುತ್ತದೆ. ಆದರೆ ಇಂಥ ಕಥೆಗಳಲ್ಲಿ ನನಗೊಂದು ತಕರಾರಿದೆ. ಅಬ್ಬಟ್ ಲಕ್ಷಕ್ಕೊಬ್ಬರು. ಉಳಿದವರು ಏನು ಮಾಡಬೇಕು? ಅಂಪೈರ್ ಆಗಬೇಕಾ?

ಉಳಿದವರಿಗಾಗಿ ಹುಟ್ಟಿದ್ದು ಎರಡನೇ ದಾರಿ. ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ 1989ರಲ್ಲಿ ಚಾಲೆಂಜರ್ ಅನ್ನುವ ವಿಭಾಗ ತೆರೆಯಿತು. ದೇಹದ ಅಥವಾ ಬುದ್ಧಿಯ ಬೆಳವಣಿಗೆಯ ತೊಂದರೆ ಇರುವ ಮಕ್ಕಳು ಅಲ್ಲಿ ಆಡುತ್ತಾರೆ. 1998ರಲ್ಲಿ ಜಾರ್ಜಿಯಾ ರಾಜ್ಯದ ಕಾನಿಯರ್ಸ್ ಅನ್ನುವ ಊರಿನಲ್ಲಿ ಮಿರಾಕಲ್ ಲೀಗ್ ಶುರುವಾಯಿತು. ಅದು ಶುರುವಾದ ಬಗೆ ಕೇಳಿದರೆ ಓಣಿಯ ಕಥೆಯೇ. ವೀಲ್‌ಚೇರ್‌ನಲ್ಲಿದ್ದ ಏಳು ವರ್ಷದ ಹುಡುಗನೊಬ್ಬ ತಮ್ಮನ ಆಟ ನೋಡಲು ಬಂದು ಬದಿಯಲ್ಲಿ ಕೂರುತ್ತಿದ್ದ. ಕೋಚ್ ಒಬ್ಬರು ಅವನನ್ನು ತಂಡಕ್ಕೇ ಕರೆದರು. ಮರುವರ್ಷ, ಅಂದರೆ 1998ರಲ್ಲಿ, ನಾಲ್ಕು ತಂಡ, 35 ಮಕ್ಕಳು. ಈಗ ಅಂಥ ಲೀಗ್‌ಗಳು ನೂರಾರಿವೆ.

ಅಲ್ಲಿಯ ನಿಯಮ ಕೇಳಿದರೆ ಕ್ರಿಕೆಟ್ ನೋಡಿ ಬೆಳೆದ ನಮಗೆ ವಿಚಿತ್ರ ಅನಿಸುತ್ತದೆ. ಪ್ರತಿ ಇನ್ನಿಂಗ್ಸ್‌ನಲ್ಲಿ ತಂಡದ ಪ್ರತಿಯೊಬ್ಬರಿಗೂ ಬ್ಯಾಟಿಂಗ್. ಓಡಿದವರೆಲ್ಲ ಸೇಫ್. ಇನ್ನಿಂಗ್ಸ್ ಮುಗಿಯುವ ಮೊದಲು ಪ್ರತಿಯೊಬ್ಬರ ಹೆಸರಿಗೂ ಒಂದು ರನ್. ಕೊನೆಗೆ ಹೊಡೆದವನದು ಹೋಮ್ ರನ್, ಅಂದರೆ ಒಂದೇ ಹೊಡೆತಕ್ಕೆ ಪೂರ್ತಿ ಸುತ್ತು; ಅವನ ಜೊತೆ ಬೇಸ್ ಮೇಲಿದ್ದವರೆಲ್ಲ ಮನೆ ಸೇರುತ್ತಾರೆ. ಎಸೆದ ಚೆಂಡು ಹೊಡೆಯಲು ಆಗದಿದ್ದರೆ ಟೀ ಇದೆ. ಚಹಾ ಅಲ್ಲ! ಸೊಂಟದೆತ್ತರದ ಒಂದು ರಬ್ಬರ್ ಕಂಬ. ಅದರ ತುದಿಗೆ ಚೆಂಡು ಕೂರಿಸುತ್ತಾರೆ, ಅದು ಅಲ್ಲಾಡದೆ ಕಾಯುತ್ತದೆ. ಕೈ ನಡುಗುವ ಹುಡುಗಿ ಹತ್ತು ಸಲ ಬೀಸಿದರೂ ಯಾರೂ ಎಣಿಸಲ್ಲ.

ಪ್ರತಿ ಆಟಗಾರನ ಪಕ್ಕ ಒಬ್ಬ ಜೊತೆಗಾರ ಇರುತ್ತಾನೆ. ಸಾಮಾನ್ಯವಾಗಿ ಅದೇ ಊರಿನ, ಅದೇ ವಯಸ್ಸಿನ ಹುಡುಗನೋ ಹುಡುಗಿಯೋ. ಗಾಲಿ ಕುರ್ಚಿ ತಳ್ಳುವುದು, ಬಿರುಸಾಗಿ ಬರುವ ಚೆಂಡಿಗೆ ಅಡ್ಡ ನಿಲ್ಲುವುದು, ಯಾವ ಕಡೆ ಹೋಗಬೇಕು ಅಂತ ಹೇಳುವುದು ಅವನ ಕೆಲಸ. ಕೇಳಲು ಸುಲಭ. ಮಾಡಲು ಇಡೀ ಮೈದಾನದಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಯಾಕೆಂದರೆ ನಮ್ಮ ಕೈ ತಡೆಯಲ್ಲ. ಮಗು ನಿಧಾನ ಮಾಡಿದರೆ ಬ್ಯಾಟನ್ನು ನಾವೇ ಹಿಡಿದು ಹೊಡೆಸಿಬಿಡುತ್ತೇವೆ. ಆಮೇಲೆ 'ಭೇಷ್' ಅಂತ ಚಪ್ಪಾಳೆ ಬೇರೆ. ಯಾರು ಹೊಡೆದದ್ದು ಅಂತ ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ. ಒಳ್ಳೆಯ ಜೊತೆಗಾರ ಮೊದಲು ಕೇಳುತ್ತಾನೆ: ಸಹಾಯ ಬೇಕಾ, ಎಷ್ಟು ಬೇಕು? ಬೇಡ ಅಂದರೆ ಕೈ ಹಿಂದೆ ಕಟ್ಟಿ ನಿಲ್ಲುತ್ತಾನೆ.

ಈ ಆಟಕ್ಕೆ ಹಣ ಜಾಸ್ತಿ ಹೋಗುವುದು ನೆಲಕ್ಕೆ. ಮಾಮೂಲಿ ಬೇಸ್‌ಬಾಲ್ ಮೈದಾನದಲ್ಲಿ ಹುಲ್ಲು, ಮಣ್ಣು, ನೆಲದಿಂದ ಎದ್ದ ಬೇಸ್‌ಗಳು. ಗಾಲಿ ಕುರ್ಚಿಯ ಮುಂದಿನ ಎರಡು ಸಣ್ಣ ಗಾಲಿಗಳಿಗೆ ಇವೆಲ್ಲ ಶತ್ರು. ಅದಕ್ಕೆ 2000ದಲ್ಲಿ ಕಾನಿಯರ್ಸ್‌ನಲ್ಲಿ ರಬ್ಬರ್ ಹಾಸಿನ ಮೈದಾನ ಮಾಡಿದರು. ಎಲ್ಲ ಸಪಾಟು. ಬೇಸ್‌ಗಳೂ ನೆಲಕ್ಕೆ ಸಮ. ಬಿದ್ದರೂ ಪೆಟ್ಟು ಕಡಿಮೆ.

ನಮ್ಮ ಕಡೆಯ ನೆಲದ ಕಥೆ ನಿಮಗೆ ಗೊತ್ತೇ ಇದೆ. ಕಲಬುರಗಿ, ಯಾದಗಿರಿಯ ಎರೆ ಭೂಮಿ ತೊಗರಿಗೆ ಬಂಗಾರ, ಗಾಲಿಗೆ ಬೇಡಿ. ಮಳೆ ಬಿದ್ದರೆ ಚಪ್ಪಲಿಯನ್ನೇ ಬಿಡಲ್ಲ, ಕುರ್ಚಿಯನ್ನು ಬಿಡುತ್ತದಾ? ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಸಣ್ಣ ಗಾಲಿ ಅದರೊಳಗೆ ಇಳಿದು ಕುರ್ಚಿ ಮುಂದಕ್ಕೆ ಮುಗ್ಗರಿಸುತ್ತದೆ. ಬೀದರ್‌ನ ಕೆಂಪು ನೆಲ ಈ ವಿಷಯದಲ್ಲಿ ವಾಸಿ, ಗಟ್ಟಿಯಾಗಿ ಕೂರುತ್ತದೆ, ನೀರು ಬೇಗ ಇಂಗುತ್ತದೆ.

ಹಾಗಾದರೆ ಕೋಟಿಗಟ್ಟಲೆ ಸುರಿದು ರಬ್ಬರ್ ಹಾಸುವ ತನಕ ಕಾಯಬೇಕಾ? ಬೇಕಿಲ್ಲ. ಅಮೆರಿಕದಲ್ಲೇ ವೀಲ್‌ಚೇರ್ ಸಾಫ್ಟ್‌ಬಾಲ್ ಅಂತ ಬೇಸ್‌ಬಾಲ್‌ನಂಥದೇ ಇನ್ನೊಂದು ಆಟ ಇದೆ. ಸುತ್ತಳತೆ 16 ಇಂಚಿನ ದಪ್ಪ ಚೆಂಡು, ಆಡುವವರೆಲ್ಲ ಗಾಲಿ ಕುರ್ಚಿಯಲ್ಲಿ. ಆಡುವುದು ಹುಲ್ಲಿನ ಮೇಲಲ್ಲ, ಗಟ್ಟಿ ನೆಲದ ಮೇಲೆ. ಕಾರ್ ನಿಲ್ಲಿಸುವ ಜಾಗ ಸಿಕ್ಕರೂ ನಡೆಯುತ್ತದೆ. ಇದನ್ನು ಓದಿದ ಕೂಡಲೇ ನನಗೆ ಹೊಳೆದದ್ದು ನಮ್ಮ ಗಂಜ್. ವಹಿವಾಟು ಇಲ್ಲದ ದಿನ ಎಪಿಎಂಸಿ ಯಾರ್ಡ್‌ನ ಸಿಮೆಂಟ್ ನೆಲ ಖಾಲಿ ಬಿದ್ದಿರುತ್ತದೆ. ಕಲ್ಯಾಣ ಮಂಟಪಗಳ ಮುಂದಿನ ಪಾರ್ಕಿಂಗ್ ಇದೆ. ಶಹಾಬಾದ್ ಫರಸಿ ಹಾಸಿದ ಶಾಲೆಯ ಅಂಗಳಗಳಿವೆ. ಫರಸಿಯ ಸಂದುಗಳನ್ನು ಸಿಮೆಂಟ್‌ನಿಂದ ತುಂಬಿದ್ದರೆ ಸಾಕು. ಗಟ್ಟಿ ನೆಲದ ಮೇಲೆ ಬಿದ್ದರೆ ಪೆಟ್ಟು ಜೋರು, ಅದು ನಿಜ. ಅದಕ್ಕೆ ಮೆತ್ತನೆಯ ಚೆಂಡು, ಹೆಲ್ಮೆಟ್, ಸೊಂಟಕ್ಕೆ ಬೆಲ್ಟ್ ಬೇಕು. ಬ್ಯಾಟ್ ಬೀಸುವ ಮೊದಲು ಎರಡೂ ಗಾಲಿಗೆ ಬ್ರೇಕ್ ಹಾಕಲೇಬೇಕು. ಇಲ್ಲದಿದ್ದರೆ ಬ್ಯಾಟ್ ಒಂದು ಕಡೆ ಹೋದರೆ ಕುರ್ಚಿ ಇನ್ನೊಂದು ಕಡೆ ತಿರುಗುತ್ತದೆ.

ಕಣ್ಣು ಕಾಣದವರ ಬೇಸ್‌ಬಾಲ್ ಮಾತ್ರ ಬೇರೆಯದೇ ಲೋಕ. ನನ್ನನ್ನು ಜಾಸ್ತಿ ಹಿಡಿದಿಟ್ಟಿದ್ದೂ ಅದೇ.

1964ರಲ್ಲಿ ಚಾರ್ಲ್ಸ್ ಫೇರ್‌ಬ್ಯಾಂಕ್ಸ್ ಅನ್ನುವ ಟೆಲಿಫೋನ್ ಕಂಪನಿಯ ಎಂಜಿನಿಯರ್ ಒಂದು ದಪ್ಪ ಸಾಫ್ಟ್‌ಬಾಲ್ ಒಳಗೆ ಪುಟ್ಟ ಯಂತ್ರ ಕೂರಿಸಿದರು. ಚೆಂಡು 'ಬೀಪ್ ಬೀಪ್' ಅನ್ನತೊಡಗಿತು. ಆಟದ ಹೆಸರೂ ಬೀಪ್ ಬೇಸ್‌ಬಾಲ್ ಅಂತಲೇ ಆಯಿತು. 1976ರಲ್ಲಿ ಅದಕ್ಕೊಂದು ರಾಷ್ಟ್ರೀಯ ಸಂಘವೂ ಹುಟ್ಟಿತು.

ಆಟ ನಡೆಯುವುದು ಹೀಗೆ. ಬ್ಯಾಟರ್ ಕಣ್ಣಿಗೆ ಪಟ್ಟಿ. ಚೂರುಪಾರು ಕಾಣುವವರಿಗೂ ಪಟ್ಟಿ ಕಡ್ಡಾಯ, ಆಗ ಎಲ್ಲರೂ ಸಮ. ಪಿಚರ್‌ಗೆ ಕಣ್ಣು ಕಾಣುತ್ತದೆ, ಆದರೆ ಅವನು ಎದುರಾಳಿ ಅಲ್ಲ, ಬ್ಯಾಟರ್‌ನ ತಂಡದವನೇ! ಸುಮಾರು 20 ಅಡಿ ದೂರದಲ್ಲಿ ನಿಂತು, ಎಸೆಯುವ ಮುಂಚೆ ಕೂಗಿ ಹೇಳುತ್ತಾನೆ. ಬ್ಯಾಟರ್ ಪ್ರತಿ ಸಲ ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ಬೀಸುವುದನ್ನು ಅಭ್ಯಾಸ ಮಾಡಿರುತ್ತಾನೆ. ಆ ಬೀಸುವಿಕೆಯ ದಾರಿಗೆ ಸರಿಯಾಗಿ ಚೆಂಡು ತಂದಿಡುವುದು ಪಿಚರ್ ಹೊಣೆ. ಬ್ಯಾಟ್ ಚೆಂಡನ್ನು ಹುಡುಕಲ್ಲ, ಚೆಂಡೇ ಬ್ಯಾಟನ್ನು ಹುಡುಕಿಕೊಂಡು ಬರುತ್ತದೆ ಅನ್ನಿ. ಇಬ್ಬರ ಲಯ ಕೂಡಲು ತಿಂಗಳುಗಟ್ಟಲೆ ಬೇಕು.

ಚೆಂಡಿಗೆ ಬ್ಯಾಟ್ ತಗಲಿತು ಅನ್ನಿ. ಈಗ ಓಟ. ಇಲ್ಲಿ ಇರುವುದು ಎರಡೇ ಬೇಸ್, ಒಂದನೆಯದು ಮತ್ತು ಮೂರನೆಯದು. ನಾಲ್ಕು ಅಡಿ ಎತ್ತರದ ಮೆತ್ತನೆಯ ಕಂಬಗಳು, ಹೋಮ್‌ನಿಂದ 100 ಅಡಿ ದೂರ. ಎರಡರ ಒಳಗೂ ಗುಂಯ್‌ಗುಡುವ ಯಂತ್ರ ಇದೆ. ಹೊಡೆದ ಕ್ಷಣಕ್ಕೆ ಒಬ್ಬರು ಸ್ವಿಚ್ ಒತ್ತುತ್ತಾರೆ, ಎರಡರಲ್ಲಿ ಒಂದೇ ಕಂಬ ಗುಂಯ್ ಅನ್ನುತ್ತದೆ. ಯಾವುದು ಅಂತ ಬ್ಯಾಟರ್‌ಗೆ ಮೊದಲೇ ಗೊತ್ತಿರಲ್ಲ. ಕಿವಿಗೊಟ್ಟು, ದಿಕ್ಕು ಹಿಡಿದು, ಕಗ್ಗತ್ತಲಲ್ಲಿ ಜೀವ ಬಿಟ್ಟು ಓಡಬೇಕು. ಕಂಬಕ್ಕೆ ಡಿಕ್ಕಿ ಹೊಡೆದರೆ ತಲುಪಿದ ಹಾಗೆ.

ಅದೇ ಹೊತ್ತಿಗೆ ಫೀಲ್ಡ್‌ನಲ್ಲಿ ಆರು ಜನ, ಎಲ್ಲರ ಕಣ್ಣಿಗೂ ಪಟ್ಟಿ. ಬೀಪ್ ಕೇಳಿ ಚೆಂಡಿಗೆ ಅಡ್ಡಲಾಗಿ ಮೈ ಚೆಲ್ಲುತ್ತಾರೆ. ಕಾಣುವ ಸಹಾಯಕನೊಬ್ಬ ಚೆಂಡು ಮೈದಾನದ ಯಾವ ಭಾಗಕ್ಕೆ ಹೊರಟಿದೆ ಅಂತ ಒಂದು ಸಂಖ್ಯೆ ಕೂಗುತ್ತಾನೆ, ಅಷ್ಟೇ. ಓಡುವವನು ಕಂಬ ಮುಟ್ಟುವ ಮೊದಲು ಯಾರಾದರೂ ಚೆಂಡನ್ನು ಕೈಗೆತ್ತಿಕೊಂಡರೆ ಔಟ್. ಇಲ್ಲದಿದ್ದರೆ ರನ್. ಬೇಸ್‌ನಿಂದ ಬೇಸ್‌ಗೆ ಸುತ್ತುವುದೆಲ್ಲ ಇಲ್ಲ. ಮೊಣಕೈ ತರಚುತ್ತದೆ, ಪಕ್ಕೆಗೆ ಚೆಂಡು ಬಡಿಯುತ್ತದೆ. 'ಅಯ್ಯೋ ಪಾಪ' ಅನ್ನುವವರು ಒಮ್ಮೆ ಈ ಆಟ ನೋಡಬೇಕು.

ಇನ್ನೊಂದು ಮಾತು. ಹೊಡೆತ ಮುಗಿಯುವ ತನಕ ನೋಡುವವರು ಪಿಟಕ್ ಅನ್ನಬಾರದು. ಚಪ್ಪಾಳೆ ಆಮೇಲೆ. ನಮ್ಮ ಊರಿನಲ್ಲಿ ಈ ಆಟ ಬಂದರೆ ಮೊದಲ ತರಬೇತಿ ಪ್ರೇಕ್ಷಕರಿಗೇ ಕೊಡಬೇಕಾಗುತ್ತದೆ. ಪಕ್ಕದ ರಸ್ತೆಯಲ್ಲಿ ಡಿಜೆ ಇಟ್ಟ ಮೆರವಣಿಗೆ ಬಂದರಂತೂ ಪಂದ್ಯ ಅಲ್ಲಿಗೇ ನಿಂತಿತು.

ನಮಗೆ ಹತ್ತಿರದ್ದು ಅಂಧರ ಕ್ರಿಕೆಟ್. ಅದು 1922ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿತು. ತಗಡಿನ ಡಬ್ಬಿಯೊಳಗೆ ಕಲ್ಲು ಹಾಕಿ ಅದನ್ನೇ ಚೆಂಡು ಮಾಡಿಕೊಂಡಿದ್ದರು. ಈಗ ಗಟ್ಟಿ ಪ್ಲಾಸ್ಟಿಕ್ ಚೆಂಡು, ಒಳಗೆ ಗಲಗಲ ಅನ್ನುವ ಬೇರಿಂಗ್ ಗುಂಡುಗಳು. ಅದಕ್ಕೂ ಬೀಪ್ ಚೆಂಡಿಗೂ ಒಂದೇ ವ್ಯತ್ಯಾಸ. ಗಲಗಲ ಚೆಂಡು ಉರುಳುವಾಗ, ಪುಟಿಯುವಾಗ ಸದ್ದು ಮಾಡುತ್ತದೆ. ಬಿದ್ದಲ್ಲೇ ನಿಂತರೆ ಮೂಕ. ಬೀಪ್ ಚೆಂಡು ನಿಂತಲ್ಲೂ ಕೂಗುತ್ತದೆ, ಗಾಳಿಯಲ್ಲೂ ಕೂಗುತ್ತದೆ. ಈ ಒಂದು ವ್ಯತ್ಯಾಸದಿಂದ ಎರಡು ಆಟದ ನಿಯಮಗಳೂ ಬೇರೆಯಾದವು. ಕ್ರಿಕೆಟ್‌ನಲ್ಲಿ ಬೌಲರ್ ಕೈ ಕೆಳಗಿನಿಂದ ಎಸೆದು, ಪಿಚ್‌ನ ಅರ್ಧಕ್ಕೆ ಮೊದಲೇ ಚೆಂಡು ನೆಲಕ್ಕೆ ತಾಗಿಸಬೇಕು. ಯಾಕೆ? ಸದ್ದು ಬರಲಿ ಅಂತ. ಬೇಸ್‌ಬಾಲ್‌ನಲ್ಲಿ ಚೆಂಡು ನೆಲ ಮುಟ್ಟದೆ ನೇರ ಬರಬಹುದು.

ಅಂಧರ ಕ್ರಿಕೆಟ್ ಎಲ್ಲರಿಗೂ ಪಟ್ಟಿ ಕಟ್ಟಲ್ಲ, ಲೆಕ್ಕ ಸರಿಮಾಡುತ್ತದೆ. ಪೂರ್ತಿ ಕಾಣದವರು ಬಿ1, ಚೂರು ಕಾಣುವವರು ಬಿ2, ಬಿ3. ಹನ್ನೊಂದರಲ್ಲಿ ಕನಿಷ್ಠ ನಾಲ್ವರು ಬಿ1 ಇರಲೇಬೇಕು. ಅವರು ಹೊಡೆದ ಪ್ರತಿ ರನ್ ಎರಡಾಗಿ ಎಣಿಕೆ. ಅವರಿಗೆ ರನ್ನರ್ ಕೂಡ ಸಿಗುತ್ತಾನೆ. ಈ ಆಟದಲ್ಲಿ ನಮ್ಮ ರಾಜ್ಯದ ಹೆಸರು ದೊಡ್ಡದು. 2012ರಲ್ಲಿ ಅಂಧರ ಮೊದಲ ಟಿ20 ವಿಶ್ವಕಪ್ ಬೆಂಗಳೂರಿನಲ್ಲೇ ನಡೆಯಿತು. ಫೈನಲ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿದ ಭಾರತ ತಂಡದ ನಾಯಕ ನಮ್ಮವರೇ ಆದ ಶೇಖರ್ ನಾಯ್ಕ್. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಟಿ20 ವಿಶ್ವಕಪ್ಪನ್ನೂ ಭಾರತವೇ ಗೆದ್ದಿತು. ಅಂದರೆ ಕಿವಿಯಿಂದ ಆಡುವುದು ನಮಗೆ ಹೊಸದಲ್ಲ.

ಚೆಂಡು ಹೊರದೇಶದಿಂದ ತರಿಸಬೇಕಾ ಅಂತ ಕೇಳಬಹುದು. ನಾನು ಮನೆಯಲ್ಲೇ ಪ್ರಯತ್ನ ಮಾಡಿದೆ. ಟೆನಿಸ್ ಚೆಂಡನ್ನು ಬ್ಲೇಡ್‌ನಿಂದ ಸೀಳಿ, ಎತ್ತಿನ ಕೊರಳ ಗೆಜ್ಜೆ ನಾಲ್ಕು ಹಾಕಿ, ಪಂಕ್ಚರ್ ಸೊಲ್ಯೂಷನ್ ಹಚ್ಚಿ ತೇಪೆ ಹಾಕಿದೆ. ಅಲುಗಾಡಿಸಿದರೆ ಸೊಗಸಾದ ಸದ್ದು. ಮೊದಲ ಹೊಡೆತಕ್ಕೇ ತೇಪೆ ಕಿತ್ತು ಗೆಜ್ಜೆಯೆಲ್ಲ ಮಾಳಿಗೆ ತುಂಬಾ ಚೆಲ್ಲಾಡಿದವು. ಒಂದು ಇನ್ನೂ ಸಿಕ್ಕಿಲ್ಲ. ಎರಡನೆಯದು ಬಹಳ ಸರಳ. ಸಣ್ಣ ಫುಟ್‌ಬಾಲ್‌ಗೆ ಪರಪರ ಅನ್ನುವ ತೆಳು ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಸುತ್ತಿ ಬಿಗಿಯಾಗಿ ಗಂಟು ಹಾಕುವುದು. ಉರುಳಿದರೆ ಒಣ ಜೋಳದ ದಂಟಿನ ಮೇಲೆ ನಡೆದ ಹಾಗೆ ಸದ್ದು. ಫರಸಿಯ ಮೇಲೆ ಕಣ್ಣು ಮುಚ್ಚಿ ನಿಂತರೂ ಎಡಕ್ಕೋ ಬಲಕ್ಕೋ ಗೊತ್ತಾಗುತ್ತದೆ. ಬೇಸ್‌ಗೆ ಹಳೇ ಗಾದಿ ಸುರುಳಿ ಸುತ್ತಿ, ಹಗ್ಗ ಕಟ್ಟಿ ನಿಲ್ಲಿಸಿ, ಒಳಗೆ ಬ್ಲೂಟೂತ್ ಸ್ಪೀಕರ್ ಇಟ್ಟರಾಯಿತು.

ಇನ್ನು ಬಿಸಿಲು. ಇದನ್ನು ಹಗುರ ಮಾಡಬಾರದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಮಾಮೂಲು. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಆ ಪೆಟ್ಟಿನ ಕೆಳಗೆ ಮೈ ಸರಿಯಾಗಿ ಬೆವರಲ್ಲ. ಬೆವರದಿದ್ದರೆ ಮೈಯ ಕಾವು ಇಳಿಯಲ್ಲ. ನಮಗೆ ಸುಸ್ತು ಅನಿಸುವ ಬಿಸಿಲು ಅವರಿಗೆ ಆಸ್ಪತ್ರೆಯ ದಾರಿ. ಕುರ್ಚಿಯ ಗಾಲಿ ತಿರುಗಿಸುವ ಕಬ್ಬಿಣದ ಬಳೆ ಅಂಗೈ ಸುಡುತ್ತದೆ. ಆದ್ದರಿಂದ ಆಟ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು, ಇಲ್ಲವೇ ಹೊತ್ತು ಮುಳುಗಿದ ಮೇಲೆ ಲೈಟ್ ಹಾಕಿ ಆಡಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕತ್ತಿನ ಮೂಳೆಗಳ ಹಿಡಿತ ಸಡಿಲ ಇರುತ್ತದೆ. ಡೈವ್, ಡಿಕ್ಕಿ ಅವರಿಗೆ ಬೇಡ, ಮೊದಲೇ ಡಾಕ್ಟರ್‌ಗೆ ತೋರಿಸಬೇಕು. ಆಟಿಸಂ ಇರುವ ಮಗುವಿಗೆ ಸೀಟಿಯ ಸದ್ದೇ ಸಾಕು, ಕಿವಿ ಮುಚ್ಚಿ ಕೂತುಬಿಡಬಹುದು. ಸೀಟಿ ಬದಲು ಕೈ ಎತ್ತಿದರೆ ಏನು ನಷ್ಟ?

ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ದಾನವೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅದರ 30ನೇ ಸೆಕ್ಷನ್ ಇರುವುದೇ ಕ್ರೀಡೆಗೆ. ಆಟದ ಜಾಗಗಳನ್ನು ಎಲ್ಲರೂ ಬಳಸುವಂತೆ ಮಾಡುವುದು ಸರ್ಕಾರದ ಕೆಲಸ ಅನ್ನುತ್ತದೆ ಅದು. ಮಕ್ಕಳನ್ನು ಹುಡುಕುವುದೂ ಕಷ್ಟವಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿಗೊಬ್ಬ ಎಂಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತು. ಕಷ್ಟ ಇರುವುದು ಆ ಮನೆಯಿಂದ ಮೈದಾನದ ತನಕ. ಬಸ್ ಪಾಸ್ ಕೈಯಲ್ಲಿದ್ದರೂ ಬಸ್ಸಿನ ಮೊದಲ ಮೆಟ್ಟಿಲು ಸೊಂಟಕ್ಕೆ ಬಂದರೆ ಏನು ಮಾಡುವುದು? ನನ್ನ ಕೇಳಿದರೆ, ಬ್ಯಾಟು ಚೆಂಡಿಗಿಂತ ಮೊದಲು ಹಣ ಕೂಡಿಸಬೇಕಾದ್ದು ಎರಡು ಟಂಟಂ ಆಟೋ ಬಾಡಿಗೆಗೆ.

ಒಂದು ಪ್ರಶ್ನೆ ಉಳಿಯಿತು. ಔಟೇ ಇಲ್ಲದ, ಎಲ್ಲರೂ ಗೆಲ್ಲುವ ಆಟ ನಿಜಕ್ಕೂ ಆಟವೇನಾ? ಏಳು ವರ್ಷದ ಮಗುವಿಗೆ ಹೌದು. ಮೊದಲ ಸಲ ಬ್ಯಾಟ್ ಹಿಡಿದವರಿಗೆ ಸೋಲು ಕಲಿಸುವ ಅವಸರ ಯಾರಿಗೂ ಇಲ್ಲ. ದೊಡ್ಡವರ ವಿಷಯದಲ್ಲಿ ನನಗೆ ಅನುಮಾನ ಇತ್ತು. ನಮ್ಮ ಗೆಳೆಯ ಈಗ ಸೂಪರ್ ಮಾರ್ಕೆಟ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹೋಗಿ ಅವನಿಗೇ ಎಲ್ಲ ಹೇಳಿದೆ. ಮಿರಾಕಲ್ ಲೀಗ್ ನಿಯಮ ಕೇಳಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಔಟೇ ಇಲ್ಲಂದ್ರ ಅದೇನ್ ಆಟಲೇ? ಸಣ್ ಹುಡುಗುರಿಗಿ ಆಡ್ಸು ಅದು."

ಬೀಪ್ ಬೇಸ್‌ಬಾಲ್ ಕಥೆ ಹೇಳಿದೆ. ಚೆಂಡಿನ ಒಳಗಿನ ಸರ್ಕ್ಯೂಟ್ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದ. ಹಳೇ ಫೋನಿನ ಬಜರ್, ಒಂದು ಬಟನ್ ಸೆಲ್, ಸುತ್ತ ಸ್ಪಂಜ್ ಇಟ್ಟರೆ ಆಗಬಹುದು, ಪೆಟ್ಟು ತಡೆಯುತ್ತದಾ ನೋಡಬೇಕು ಅಂದ. ಡ್ರಾವರ್ ಎಳೆದು ಬಜರ್ ಹುಡುಕತೊಡಗಿದ. ಕುರ್ಚಿಯಲ್ಲಿ ಕೂತು ಆಡುವ ಸಾಫ್ಟ್‌ಬಾಲ್‌ಗೆ ಬರ್ತೀಯಾ ಅಂತ ಕೇಳಿದೆ.

"ಬರ್ತೀನಿ. ಔಟ್ ಅಂದ್ರ ಔಟ್ ಇರಬೇಕು. ಮತ್ತ ಈ ಸಲ ಅಂಪೈರ್ ನೀ ಆಗು."